ಬಾಯಾರ ಗಾಲ್ಫಿಗೆ ನಾನು ಕಣ್ಣಾದ ವರ್ಷ

ಬಾಯಾರು ಮೊದಲ ಸಲ ಚೆಂಡು ಹೊಡೆದಾಗ ನಾನು ಆ ಕಡೆ ನೋಡುತ್ತಲೇ ಇರಲಿಲ್ಲ.

ಸೊಲ್ಲಾಪುರದ ಹೊರಗೆ ಒಂಬತ್ತು ಗುಳಿಗಳ ಒಂದು ಸಣ್ಣ ಗಾಲ್ಫ್ ಮೈದಾನವಿದೆ. ಗುಳಿಗಳ ಸುತ್ತಲಿನ ನುಣುಪು ಹುಲ್ಲಿನ ಗ್ರೀನು ಮಾತ್ರ ಬೋರ್‌ವೆಲ್ ನೀರಿನಿಂದ ಹಸಿರು. ಉಳಿದದ್ದೆಲ್ಲ ವರ್ಷದ ಎಂಟು ತಿಂಗಳು ಕಂದು. ನಾನು ಅಲ್ಲಿ ಹುಲ್ಲು ಕತ್ತರಿಸುವುದರಿಂದ ಶುರುಮಾಡಿ ಈಗ ಆಟ ಕಲಿಸುತ್ತೇನೆ. ಆ ದಿನ ಊರಿನ ಅಂಧರ ತರಬೇತಿ ಕೇಂದ್ರದಿಂದ ಆರು ಜನ ಸುಮ್ಮನೆ ಒಂದು ಬೆಳಗು ಕಳೆಯಲು ಬಂದಿದ್ದರು. ಒಬ್ಬೊಬ್ಬರ ಕೈಗೂ ಒಂದು ಗಾಲ್ಫ್ ಕೋಲು ಕೊಟ್ಟು, ಎರಡೆರಡು ಚೆಂಡು ಹೊಡೆಸಿ, ಚಹಾ ಕುಡಿಸಿ ಕಳಿಸುವುದು ನನ್ನ ಕೆಲಸ. ನಾನು ಬಗ್ಗಿ ಒಬ್ಬರ ಕಾಲು ಸರಿಮಾಡುತ್ತಿದ್ದಾಗ ಬೆನ್ನ ಹಿಂದೆ 'ಟಕ್' ಎಂದಿತು. ಆ ಸದ್ದನ್ನು ಹತ್ತೊಂಬತ್ತು ವರ್ಷ ಕೇಳಿದವನು ನಾನು. ಕೋಲಿನ ನಟ್ಟನಡುವೆ ಚೆಂಡು ಕೂತಾಗ ಮಾತ್ರ ಬರುವ ಸದ್ದು ಅದು.

ತಿರುಗಿ ನೋಡಿದರೆ ನಲವತ್ತೈದರ ಆಸುಪಾಸಿನ ಒಬ್ಬ ಹೆಣ್ಣುಮಗಳು, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಚೆಂಡು ಹೋದ ದಿಕ್ಕಿಗೆ ಮುಖ ಮಾಡಿ ನಿಂತಿದ್ದರು.

"ಇದು ಬರೋಬರ ಬಡೀತಲ್ಲರಿ ಸರ?" ಎಂದರು.

"ಹೌದ್ರಿ. ನಿಮಗ ಹ್ಯಾಂಗ ಗೊತ್ತಾತು?"

"ಕೈಗೆ ಏನೂ ಹತ್ತಲಿಲ್ಲ ನೋಡ್ರಿ."

ಸರಿಯಾಗಿ ತಗುಲಿದ ಚೆಂಡು ಕೈಗೆ ಭಾರವೇ ಕೊಡುವುದಿಲ್ಲ. ಅದನ್ನು ತಿಳಿಯಲು ನನಗೆ ಎರಡು ವರ್ಷ ಬೇಕಾಗಿತ್ತು.

ಮರುವಾರ ಅವರು ಗಂಡನ ಜೊತೆ ಬಸ್ಸಿನಲ್ಲಿ ಬಂದರು. ಅಕ್ಕಲಕೋಟ ತಾಲ್ಲೂಕಿನ ತಡವಳದವರು. ಕನ್ನಡ ಸಾಲಿಯಲ್ಲಿ ಇಪ್ಪತ್ತು ವರ್ಷ ಕಲಿಸಿದವರು. ಕಣ್ಣಿನ ಒಳಪದರದ ರೋಗ ಸುತ್ತಲಿಂದ ಕತ್ತಲೆ ತುಂಬುತ್ತ ಬಂದು, ಕೊನೆಗೆ ಹಲಗೆಯ ಮೇಲೆ ತಾವೇ ಬರೆದದ್ದು ಕಾಣದಾದಾಗ ಕೆಲಸ ಬಿಟ್ಟಿದ್ದರು. ಸಾಲಿ ಕಲಿಸುವ ಹೆಣ್ಣುಮಕ್ಕಳಿಗೆ ನಮ್ಮ ಕಡೆ ಬಾಯಾರು ಎನ್ನುತ್ತಾರೆ; ನಾನೂ ಹಾಗೇ ಕರೆದೆ. ಗಂಡ ಹೊಲಮನೆ ನೋಡಿಕೊಳ್ಳುವ ಮಿತಮಾತಿನ ಮನುಷ್ಯ.

"ಆಕಿ ಮೂರ ದಿನದಿಂದ ಇದೊಂದ ಮಾತ ಹಿಡದಾಳ್ರಿ" ಎಂದರು ಅವರು. "ನಿಮಗ ಆಗತಿದ್ರ ಕಲಿಸ್ರಿ. ಆಗೂದಿಲ್ಲಂದ್ರ ಈಗ ಹೇಳಿಬಿಡ್ರಿ, ಐದಕ್ಕೊಂದು ಗಾಡಿ ಅದ."

ಆಗುವುದಿಲ್ಲ ಎನ್ನುವುದು ನನ್ನ ನಾಲಿಗೆಯ ತುದಿಯಲ್ಲಿತ್ತು. ಅದಕ್ಕೆ ಕಾರಣ ಅವರ ಕಣ್ಣಲ್ಲ, ನನ್ನ ಕೈ. ನಾನು ವೃತ್ತಿ ಆಟಗಾರನಾಗಲು ಎರಡು ಸಲ ಪರೀಕ್ಷೆಗೆ ಹೋಗಿ ಎರಡು ಸಲವೂ ಸೋತವನು. ದೂರದ ಹೊಡೆತಗಳಲ್ಲಿ ಅಲ್ಲ. ಗುಳಿಯಿಂದ ಎರಡು ಹೆಜ್ಜೆಯಲ್ಲಿ ನಿಂತ ಚೆಂಡನ್ನು ಉರುಳಿಸುವಾಗ. ಜನ ನೋಡುತ್ತಿದ್ದಾರೆ, ಇದು ಎಣಿಕೆಗೆ ಬರುತ್ತದೆ ಎಂದು ತಲೆಗೆ ಹೊಳೆದ ಕೂಡಲೇ ಬಲಗೈ ನಡುಗುತ್ತಿತ್ತು. ನಮ್ಮದು ಮಂದ್ರೂಪದ ಕುರಿ ಸಾಕುವ ಮನೆತನ. ಅವ್ವ ಮನೆದೇವರು ಬೀರೋಬನಿಗೆ ಹರಕೆ ಹೊತ್ತಳು. ನಾನು ಸದ್ದಿಲ್ಲದೆ ಪಂದ್ಯ ಆಡುವುದನ್ನೇ ಬಿಟ್ಟೆ. ಅಂಥವನು ಇನ್ನೊಬ್ಬರ ಕಣ್ಣಾಗಿ ನಿಲ್ಲುವುದು ಹೇಗೆ? ಆದರೆ ಆ 'ಟಕ್' ಸದ್ದು ಕಿವಿಯಲ್ಲಿತ್ತು. "ವಾರಕ್ಕ ಎರಡು ದಿನ ಬರ್ರಿ" ಎಂದುಬಿಟ್ಟೆ.

ಕಣ್ಣಿಲ್ಲದವರ ಗಾಲ್ಫಿಗೆ ಬೇರೆ ಮೈದಾನವಿಲ್ಲ, ಬೇರೆ ಚೆಂಡಿಲ್ಲ. ನಿಯಮಗಳೂ ಹೆಚ್ಚುಕಡಿಮೆ ಅವೇ. ಆಟಗಾರರ ಜೊತೆಗೆ ಒಬ್ಬ ದಾರಿಗಾರ ಇರುತ್ತಾನೆ, ಅಷ್ಟೇ. ಅವನ ಕೆಲಸ ಹೀಗೆ: ಮೊದಲು ಎಷ್ಟು ಗಜ ಎಂದು ಹೇಳಬೇಕು. ಗಾಳಿ ಹೇಳಬೇಕು. ಆಮೇಲೆ ಮಂಡಿಯೂರಿ ಕೋಲಿನ ಮುಖವನ್ನು ಚೆಂಡಿನ ಹಿಂದೆ ಗುರಿಗೆ ನೇರವಾಗಿ ಇಡಬೇಕು. ಭುಜ, ಸೊಂಟ, ಪಾದ ಆ ಗೆರೆಗೆ ಬಂದಿವೆಯೇ ನೋಡಿ, "ಆತ್ರಿ" ಎಂದು ಹಿಂದೆ ಸರಿಯಬೇಕು. ಅಲ್ಲಿಂದ ಮುಂದೆ ಒಂದು ಮಾತೂ ಇಲ್ಲ. ಗ್ರೀನಿನ ಮೇಲೆ ಬಂದರೆ ಕೈ ಹಿಡಿದು ಚೆಂಡಿನಿಂದ ಗುಳಿಯವರೆಗೆ ನಡೆಸಿಕೊಂಡು ಹೋಗಬೇಕು. ಅವರು ಹೆಜ್ಜೆ ಎಣಿಸಿ, ಇಳಿಜಾರನ್ನು ಪಾದದಿಂದ ತಿಳಿದು ವಾಪಸು ಬರುತ್ತಾರೆ. ಆಗ ದಾರಿಗಾರ ಗುಳಿಯ ಹತ್ತಿರ ನಿಂತು ಬಾವುಟದ ಕಂಬ ತಟ್ಟಿ ಸದ್ದು ಕೊಡುತ್ತಾನೆ.

ಮೊದಲ ತಿಂಗಳು ಬಾಯಾರು ದಪ್ಪ ಅಟ್ಟೆಯ ಬೂಟು ಹಾಕಿಕೊಂಡು ಬರುತ್ತಿದ್ದರು. ಅದರಲ್ಲಿ ನೆಲ ತಿಳಿಯುವುದಿಲ್ಲವೆಂದು ನವಿ ಪೇಠದ ಅಂಗಡಿಗೆ ಹೋಗಿ ಸಾಲಿ ಮಕ್ಕಳು ಹಾಕುವ ತೆಳು ಕ್ಯಾನ್ವಾಸ್ ಬೂಟು ಕೊಂಡುಕೊಂಡರು. ಹಿಡಿತವನ್ನು ನಾನು ಕಲಿಸಬೇಕಾಗಲೇ ಇಲ್ಲ. ಎಲ್ಲರೂ ಕೋಲನ್ನು ಹಾವು ಹಿಡಿದ ಹಾಗೆ ಬಿಗಿಯಾಗಿ ಹಿಡಿಯುತ್ತಾರೆ; ಇವರು ಹಿಡಿಯಲಿಲ್ಲ. ಯಾಕೆಂದು ಕೇಳಿದ್ದಕ್ಕೆ, "ರೊಟ್ಟಿ ಬಡಿಯೂಮುಂದ ಕೈ ಬಿಗಿ ಮಾಡಿದ್ರ ರೊಟ್ಟಿ ಹರೀತದ್ರಿ" ಎಂದರು.

ಅವರಿಗೆ ಒಂದು ಪದ್ಧತಿಯಿತ್ತು. ನಾನು "ಆತ್ರಿ" ಎಂದ ಮೇಲೆ ಒಂದು ಉಸಿರು ಪೂರ್ತಿ ಹೊರಗೆ ಬಿಡುತ್ತಿದ್ದರು. ಉಸಿರು ಖಾಲಿಯಾದ ಆ ಚಿಕ್ಕ ಸಂದಿನಲ್ಲಿ ಕೋಲು ಮೇಲೆ ಹೋಗುತ್ತಿತ್ತು. ಹೊಡೆತ ಮುಗಿದ ಮೇಲೆ ಆ ಚೆಂಡಿನ ಮಾತು ಎತ್ತುತ್ತಿರಲಿಲ್ಲ. ಮುಂದಿನ ಚೆಂಡಿನವರೆಗೆ ನಡೆಯುವಾಗ ಸಾಲಿಯ ಮಾತು, ಮೆಣಸಿನಕಾಯಿ ಹಿಂಡಿಯ ಮಾತು, ಗಂಡನ ಮೊಂಡುತನದ ಮಾತು. "ನಾಕು ತಾಸು ಎಳದ ಹಿಡದ್ರ ಯಾವ ಹಗ್ಗಾ ಉಳೀತದ್ರಿ?" ಎನ್ನುತ್ತಿದ್ದರು. ಎಷ್ಟು ಹೊಡೆತವಾಯಿತು ಎಂದು ಒಮ್ಮೆಯೂ ಕೇಳುತ್ತಿರಲಿಲ್ಲ.

ಆರನೆಯ ತಿಂಗಳಲ್ಲಿ ಅವರು ಇದ್ದಕ್ಕಿದ್ದಂತೆ ಕೆಡತೊಡಗಿದರು. ಚೆಂಡು ನೆಲ ಹಿಡಿದು ಓಡುವುದು, ಭುಜ ಮುದುಡುವುದು. ಅದರಲ್ಲೂ ಕೊನೆಯ ಗುಳಿಯಲ್ಲಿ. ಅಲ್ಲಿ ಗ್ರೀನಿನ ಮುಂದೆ ಒಂದು ಹೊಂಡವಿದೆ. ಮಳೆನೀರು ಹಿಡಿಯಲು ಪ್ಲಾಸ್ಟಿಕ್ ಹಾಳೆ ಹಾಸಿ ಮಾಡಿದ್ದು. ಆ ಹೊಂಡವಿದೆ ಎಂದು ನಾನು ಅವರಿಗೆ ಹೇಳಿರಲೇ ಇಲ್ಲ. ಕಾಣದವರಿಗೆ ಹೇಳಿ ಹೆದರಿಸುವುದು ಯಾಕೆ, ಪರೀಕ್ಷೆಯಲ್ಲಿ ನನ್ನನ್ನು ಕೊಂದದ್ದೇ ಕಾಣುವ ಕಣ್ಣಲ್ಲವೇ ಎಂಬುದು ನನ್ನ ಲೆಕ್ಕಾಚಾರ. ಅಲ್ಲಿ ಎರಡು ಸಣ್ಣ ಹೊಡೆತ ಹೊಡೆಸಿ, ಬಳಸಿಕೊಂಡು ಕರೆದೊಯ್ಯುತ್ತಿದ್ದೆ. "ಮುಂದ ಏನದ್ರಿ?" ಎಂದು ಕೇಳಿದರೆ "ಏನಿಲ್ರಿ, ಸಪಾಟ ನೆಲ" ಎನ್ನುತ್ತಿದ್ದೆ.

ಆ ವಾರ ಬಸ್ಸು ತಪ್ಪಿತೆಂದು ಅವರು ಬರಲಿಲ್ಲ. ಮರುವಾರವೂ ಬರಲಿಲ್ಲ. ಮೂರನೆಯ ವಾರ ನಾನೇ ಮೋಟಾರ್‌ಸೈಕಲ್ಲಿಗೆ ಎರಡು ಕೋಲು ಕಟ್ಟಿಕೊಂಡು ಹೊರಟೆ. ಅಕ್ಕಲಕೋಟದಲ್ಲಿ ಚಹಾ ಕುಡಿದು, ದಾರಿ ಕೇಳಿ ತಡವಳ ಮುಟ್ಟಿದಾಗ ಹನ್ನೊಂದಾಗಿತ್ತು. ಬಾಯಾರು ಹೊಲದಲ್ಲಿದ್ದಾರೆ ಎಂದರು ಮನೆಯವರು.

ಜೋಳ ಕೊಯ್ದು ಕೂಳೆ ಉಳಿದ ಹೊಲ. ಗಂಡ ದೂರದಲ್ಲಿ ಎತ್ತು ಕಟ್ಟುತ್ತಿದ್ದರು. ಬಾಯಾರು ಕೈಯಲ್ಲಿ ಬುತ್ತಿ ಹಿಡಿದು, ಒಬ್ಬರೇ ಬದುವಿನ ಮೇಲೆ ಬರುತ್ತಿದ್ದರು. ಬದುವಿನ ತುದಿಯಲ್ಲಿ ಕಟ್ಟೆಯಿಲ್ಲದ ಬಾವಿ, ಬಾಯಿ ತೆರೆದುಕೊಂಡು. ಅವರ ಕಾಲಿಗೂ ಅದಕ್ಕೂ ಹತ್ತು ಹೆಜ್ಜೆ ಉಳಿದಿತ್ತು.

"ಬಾಯಾರ, ನಿಂದರ್ರಿ! ಬಾವಿ ಅದ ಮುಂದ" ಎಂದು ಕೂಗಿಬಿಟ್ಟೆ.

ಅವರು ನಿಂತರು. ಮುಖದಲ್ಲಿ ನಗು. "ಸರ ಬಂದೀರೇನು? ಬಾವಿ ಅದ, ಗೊತ್ತದ್ರಿ" ಎಂದು ಮತ್ತೆ ನಡೆದರು. ಎಂಟು ಹೆಜ್ಜೆ. ಒಂಬತ್ತನೆಯದಕ್ಕೆ ಎಡಕ್ಕೆ ತಿರುಗಿ, ಬಾವಿಯ ಅಂಚಿಗೆ ಒಂದು ಮೊಳ ಬಿಟ್ಟು, ಮಾರುಕಟ್ಟೆಯ ಬೀದಿಯಲ್ಲಿ ನಡೆದಷ್ಟು ಹಗುರಾಗಿ ದಾಟಿ ನನ್ನ ಹತ್ತಿರ ಬಂದರು. ಆ ಬಾವಿಯ ಪಕ್ಕ ಎರಡು ಕಣ್ಣಿದ್ದೂ ನಾನು ಹಾಗೆ ನಡೆಯಲಾರೆ.

ಊಟ ಮಾಡುತ್ತ ಕುಳಿತಾಗ ಕೇಳಿದೆ. "ಯಾಕ ಬರೂದ ಬಿಟ್ರಿ?"

ಬಾಯಾರು ರೊಟ್ಟಿ ಮುರಿಯುತ್ತ ಹೇಳಿದರು. "ಸರ, ಆ ಕಡೀ ಗುಳಿ ಮುಂದ ನೀರ ಅದ ಅಲ್ಲರಿ?"

ಹೌದೆಂದು ಒಪ್ಪಿಕೊಂಡೆ.

"ತಂಪ ಗಾಳಿ ಬರತದ್ರಿ ಅಲ್ಲಿ. ಕಪ್ಪಿ ಒದರತಾವು. ನಿಮ್ಮ ದನೀನೂ ಬ್ಯಾರೆ ಆಗತದ. ಏನೋ ಅದ, ಸರ ಮುಚ್ಚಿಡಾಕತ್ತಾರ ಅಂತ ಗೊತ್ತಾತು. ಅವತ್ತಿನಿಂದ ಎಲ್ಲಾ ಗುಳಿ ಮುಂದೂ ನನಗ ನೀರ ಕಾಣಾಕತ್ತದ್ರಿ."

"ಅಂಜಬಾರದು ಅಂತ ಹೇಳಲಿಲ್ರಿ."

"ಈ ಬಾವಿ ಎಲ್ಲೆದ ಅಂತ ಗೊತ್ತದ, ಅದಕ್ಕ ನನಗ ಇದರ ಅಂಜಿಕಿ ಇಲ್ಲ. ಗೊತ್ತಿರಲಾರದ್ದು ಅಂಜಸ್ತದ್ರಿ. ನೀವ ಎಲ್ಲಾ ಹೇಳ್ರಿ. ನೀರು, ಕಲ್ಲು, ಜಾಲಿಗಿಡ, ನಿಮ್ಮ ಎದಿಯಾಗಿಂದೂ ಹೇಳ್ರಿ. ಅಷ್ಟ ಹೇಳಿದ್ರ ನಾ ಬರ್ತೀನಿ."

ಗಂಡ ತಲೆಯೆತ್ತದೆ, "ಆಕಿ ಸಾಲ್ಯಾಗೂ ಹಂಗ ಇದ್ಲು. ಸುಳ್ಳ ಹೇಳಿದ ಹುಡುಗರಿಗೆ ಬಡೀತಿದ್ದಿಲ್ಲ, ಮಾತ ಬಿಡತಿದ್ಲು" ಎಂದರು.

ಎದೆಯಲ್ಲಿ ಇರುವುದನ್ನೂ ಹೇಳಿ ಎಂದಿದ್ದರಲ್ಲ. ಹೊಲದ ಬದುವಿನ ಮೇಲೆ ಕುಳಿತು, ಹೆಂಡತಿಗೂ ಬಿಡಿಸಿ ಹೇಳದ ನನ್ನ ಎರಡು ಸೋಲುಗಳನ್ನು ಅವರಿಗೆ ಹೇಳಿದೆ. ಕೈ ನಡುಗುವುದನ್ನು ಹೇಳಿದೆ. ಅವರು ಸಮಾಧಾನದ ಮಾತು ಆಡಲಿಲ್ಲ. "ಹಾಂ, ಈಗ ಇದೂ ಎಲ್ಲೆದ ಅಂತ ಗೊತ್ತಾತು" ಎಂದರು, ಅಷ್ಟೇ.

ಅಂದಿನಿಂದ ನಾನು ಬೇರೆ ರೀತಿ ಕೆಲಸ ಮಾಡಿದೆ. ಪ್ರತಿ ಗುಳಿಯ ಮುಂದೆ ನಿಂತು ಇದ್ದದ್ದನ್ನೆಲ್ಲ ಹೇಳುತ್ತಿದ್ದೆ: ಬಲಕ್ಕೆ ಮೂವತ್ತು ಗಜದಲ್ಲಿ ಬೇವಿನ ಮರ, ಎಡಕ್ಕೆ ಬೇಲಿ, ಬೇಲಿಯಾಚೆ ಕಬ್ಬು, ಅಲ್ಲಿ ಬಿದ್ದರೆ ಚೆಂಡು ಹೋದ ಹಾಗೆ, ದಂಡದ ಹೊಡೆತ ಸೇರುತ್ತದೆ. ಅವರು ತಲೆಯಾಡಿಸಿ, ಉಸಿರು ಬಿಟ್ಟು, ಹೊಡೆಯುತ್ತಿದ್ದರು. ಭುಜ ಮತ್ತೆ ಸಡಿಲಾಯಿತು. ಹೊಂಡವನ್ನು ಹೇಳಿದ ಮೊದಲ ದಿನ ಆರು ಚೆಂಡು ನೀರಿಗೆ ಬಿದ್ದವು. ಒಂದೊಂದು ಬಿದ್ದಾಗಲೂ 'ಬುಳಕ್' ಎಂಬ ಸದ್ದಿಗೆ ಅವರು ಕಿವಿಗೊಟ್ಟು, "ನಡೂಕ ಬಿತ್ತು," "ಇದು ದಂಡಿಗಿ ಬಿತ್ತು" ಎಂದು ಹೇಳುತ್ತಿದ್ದರು. ಏಳನೆಯದು ದಾಟಿತು.

ಮರುವರ್ಷ ಚಳಿಗಾಲದಲ್ಲಿ ಅಂಧ ಆಟಗಾರರ ಆಯ್ಕೆಯ ಪಂದ್ಯ ನಮ್ಮ ಮೈದಾನಕ್ಕೇ ಬಂತು. ಎಂಟು ಜನ ಆಟಗಾರರು, ಹೆಣ್ಣುಮಗಳು ಬಾಯಾರೊಬ್ಬರೇ. ಒಂಬತ್ತು ಗುಳಿ ಎರಡು ಸುತ್ತು ಆಡಬೇಕು. ಕಡಿಮೆ ಹೊಡೆತದಲ್ಲಿ ಮುಗಿಸಿದ ಇಬ್ಬರು ದೇಶದ ಮಟ್ಟಕ್ಕೆ ಹೋಗುತ್ತಾರೆ. ನಮ್ಮ ಜೊತೆಗೆ ಆಡಿದ್ದು ನಾಶಿಕದ ಒಬ್ಬ ತರುಣ ಬ್ಯಾಂಕ್ ನೌಕರ; ಅವನಿಗೆ ಅವನ ಅಣ್ಣನೇ ದಾರಿಗಾರ. ಹೊಡೆತ ಬರೆದುಕೊಳ್ಳಲು ಪುಣೆಯ ಒಬ್ಬ ಹಿರಿಯರು ನಮ್ಮ ಹಿಂದೆಯೇ ಇದ್ದರು.

ಬೆಳಿಗ್ಗೆ ಶುರುಮಾಡುವ ಮೊದಲು ಬಾಯಾರು ಹೇಳಿದ್ದು ಒಂದೇ ಮಾತು. "ಎಷ್ಟ ಆತು ಅಂತ ನನಗ ಹೇಳಬ್ಯಾಡ್ರಿ. ನೀವೂ ನೋಡಬ್ಯಾಡ್ರಿ."

ಮೊದಲ ಸುತ್ತು ಅವರು ಆಡಿದ್ದನ್ನು ನಾನು ಮರೆಯಲಾರೆ. ಅಬ್ಬರದ ಹೊಡೆತ ಒಂದೂ ಇರಲಿಲ್ಲ. ಎಂಬತ್ತು ಗಜ, ಎಪ್ಪತ್ತು ಗಜ, ನೇರ. ಐದನೆಯ ಗುಳಿಯಲ್ಲಿ ಚೆಂಡು ಮರಳಿನ ಗುಂಡಿಗೆ ಬಿತ್ತು. ಅಲ್ಲಿಂದ ಹೊರಬರಲು ಮೂರು ಹೊಡೆತ ತೆಗೆದುಕೊಂಡರು. ಸೀರೆಯ ಮರಳು ಕೊಡವಿಕೊಂಡು ಮೇಲೆ ಬಂದವರೇ, "ನಿಮ್ಮ ಮಂದ್ರೂಪದಾಗ ಈ ಸಲ ಕಡಲಿ ಹ್ಯಾಂಗ ಬಂದಾವ್ರಿ?" ಎಂದು ಕೇಳಿದರು. ಪುಣೆಯ ಹಿರಿಯರು ಬರೆಯುವುದನ್ನು ನಿಲ್ಲಿಸಿ ಅವರ ಮುಖ ನೋಡಿದರು.

ಸುತ್ತು ಮುಗಿದಾಗ ನೀರು ಕುಡಿಯಲು ಕಟ್ಟಡದ ಕಡೆ ಹೋದೆವು. ಗೋಡೆಗೆ ಹೊಡೆತದ ಲೆಕ್ಕದ ಹಲಗೆ ತೂಗುಹಾಕಿತ್ತು. ನೋಡಬಾರದೆಂದು ಬೆನ್ನು ತಿರುಗಿಸಿದೆ. ಆಮೇಲೆ ನೋಡಿದೆ. ಬಾಯಾರು ಎರಡನೆಯ ಸ್ಥಾನದಲ್ಲಿದ್ದರು. ನಾಶಿಕದವನು ಅವರ ಹಿಂದೆ, ಮೂರನೆಯವನು.

ಅಲ್ಲಿಗೆ ನನ್ನ ದಿನ ಕೆಟ್ಟಿತು. ಕೋಲಿನ ಮುಖವನ್ನು ಒಂದು ಸಲ ಇಟ್ಟು, ಅನುಮಾನ ಬಂದು ಮತ್ತೆ ಇಡುತ್ತಿದ್ದೆ. ಎರಡನೆಯ ಸುತ್ತಿನ ಮೂರನೆಯ ಗುಳಿಯಲ್ಲಿ ಬಾಯಾರ ಚೆಂಡು ಒಳ್ಳೆಯ ಜಾಗದಲ್ಲಿ ನಿಂತಿತ್ತು. ಅಲ್ಲಿ ಸುಣ್ಣ ಬಳಿದ ಎರಡು ಅಳತೆ ಕಲ್ಲುಗಳಿವೆ. ನಾನೇ ವರ್ಷಕ್ಕೆರಡು ಸಲ ಸುಣ್ಣ ಬಳಿಯುವ ಕಲ್ಲುಗಳು. ಅವಸರದಲ್ಲಿ ಒಂದನ್ನು ಇನ್ನೊಂದೆಂದು ತಿಳಿದು, "ತೊಂಬತ್ತು ಗಜ ಅದ್ರಿ" ಎಂದೆ. ಇದ್ದದ್ದು ಐವತ್ತೈದು.

ಬಾಯಾರು ತೊಂಬತ್ತು ಗಜವನ್ನೇ ಹೊಡೆದರು. ಅಷ್ಟು ಚಂದದ ಹೊಡೆತ ಆ ದಿನ ಬೇರೆ ಇರಲಿಲ್ಲ. ಚೆಂಡು ಗ್ರೀನಿನ ಮೇಲೆ ಹಾರಿ, ಬೇಲಿ ದಾಟಿ, ಕಬ್ಬಿನೊಳಗೆ ಸರಕ್ಕೆಂದು ಇಳಿಯಿತು.

ಅವರು ಆ ಸದ್ದಿನ ಕಡೆಗೆ ಮುಖ ತಿರುಗಿಸಿದರು. "ಕಬ್ಬಿನಾಗ ಹೋತಲ್ಲರಿ?"

"ಹೋತ್ರಿ. ಚೂಕ ನಂದು. ಕಲ್ಲ ತಪ್ಪಿ ನೋಡೀನಿ."

"ಸರ, ನೀವ ಹಲಗಿ ನೋಡೀರಿ."

ಸುಳ್ಳು ಹೇಳಲು ಆಗಲಿಲ್ಲ. "ನೋಡೀನ್ರಿ."

ನಾಶಿಕದವನ ಚೆಂಡು ಆ ಬದಿಯ ಕುರುಚಲಲ್ಲಿ ಸೇರಿಕೊಂಡಿತ್ತು, ಅವನ ಅಣ್ಣ ಹುಡುಕುತ್ತಿದ್ದ. ಆ ಬಿಡುವಿನಲ್ಲಿ ಬಾಯಾರು ಅಲ್ಲೇ ಹುಲ್ಲಿನ ಮೇಲೆ ಕುಳಿತರು. "ಕುಂದರ್ರಿ" ಎಂದರು. ಕುಳಿತೆ. ನೀರಿನ ಬಾಟಲಿ ನನಗೇ ಕೊಟ್ಟರು.

"ನೀವ ಒಬ್ಬರ ಹೊತ್ತದ್ದಕ್ಕ ಭಾರ ಆಗೇದ. ನನಗೂ ಹೇಳ್ರಿ ಈಗ."

"ಎರಡನೇ ನಂಬರ ಇದ್ದಿರಿ. ಈಗ ಇದರಾಗ ಎರಡ ಹೊಡತ ಹೋದ್ವು. ಆ ಹುಡುಗ ಮುಂದ ಹೋಗಬಹುದು."

"ಆತು. ಇನ್ನ ಎಷ್ಟ ಗುಳಿ ಉಳದಾವು?"

"ಇದು ಹಿಡದು ಏಳ್ರಿ."

"ಏಳು ಭಾಳ ಆದ್ವು. ಒಂದ ಹೇಳ್ರಿ. ಈ ಚೆಂಡ ಎಲ್ಲಿಂದ ಹೊಡೀಬೇಕು, ಎಷ್ಟ ಗಜ, ಅಷ್ಟ ಹೇಳ್ರಿ."

ನಾನು ಎದ್ದೆ. ಕಣ್ಣಂದಾಜು ಬಿಟ್ಟು, ಗುಳಿಯವರೆಗೆ ಕಾಲಿಂದ ಅಳೆದು ವಾಪಸು ಬಂದೆ. "ಇದ ಜಾಗದಿಂದ ಮತ್ತ ಹೊಡೀಬೇಕು, ಐವತ್ತೈದ್ರಿ." ಅವರು ಉಸಿರು ಬಿಟ್ಟು ಹೊಡೆದರು. ಚೆಂಡು ಗ್ರೀನಿನ ನಡುವೆ ಕೂತಿತು. ಅದೇ ಭುಜ, ಅದೇ ಸಡಿಲ ಮಣಿಕಟ್ಟು. ಐದು ನಿಮಿಷದ ಹಿಂದೆ ನಾನು ಅವರ ಒಂದು ವರ್ಷದ ದುಡಿಮೆಯನ್ನು ಕಬ್ಬಿಗೆ ಎಸೆದಿದ್ದೆ. ಅದರ ಒಂದು ಎಳೆಯೂ ಅವರ ಮೈಯಲ್ಲಿರಲಿಲ್ಲ. ಗಟ್ಟಿ ಮನಸ್ಸು ಅಂದರೆ ಹಲ್ಲು ಕಚ್ಚುವುದು ಎಂದು ಅಲ್ಲಿಯವರೆಗೆ ತಿಳಿದಿದ್ದೆ. ಇದು ಮುಷ್ಟಿ ಬಿಚ್ಚುವ ಹಾಗಿತ್ತು.

ಆಮೇಲೆ ಪ್ರತಿ ಹೊಡೆತಕ್ಕೂ ನಾನು ನಡೆದೇ ಅಳೆದೆ. ಪುಣೆಯ ಹಿರಿಯರು ಎರಡು ಸಲ "ಉಶೀರ ಹೋತೋಯ" ಎಂದು ತಡವಾಗುತ್ತಿರುವುದನ್ನು ಎಚ್ಚರಿಸಿದರು. ನಡೆದು ಬರುವಷ್ಟರಲ್ಲಿ ನನ್ನ ಉಸಿರೂ ಸಮಕ್ಕೆ ಬರುತ್ತಿತ್ತು.

ಕೊನೆಯ ಗುಳಿಗೆ ಬಂದಾಗ ನಾಶಿಕದವನು ನಮಗಿಂತ ಎರಡು ಹೊಡೆತ ಮುಂದಿದ್ದ. ಅವನು ಹೊಂಡವನ್ನು ಬಳಸಿಕೊಂಡು, ಜಾಗ್ರತೆಯಿಂದ ಆಡಿ, ಆರು ಹೊಡೆತದಲ್ಲಿ ಮುಗಿಸಿದ. ಬಾಯಾರು ಎರಡು ಹೊಡೆದು ಹೊಂಡದ ಈಚೆಗೆ ಬಂದಿದ್ದರು. ಬಳಸಿಕೊಂಡು ಹೋದರೆ ಸೋಲು ಖಚಿತ. ದಾಟಿಸಿದರೆ, ಆಮೇಲೆ ಒಂದೇ ಹೊಡೆತದಲ್ಲಿ ಗುಳಿಗೆ ಹಾಕಿದರೆ, ಸರಿಸಮ, ಮತ್ತೆ ಆಡಿಸುತ್ತಾರೆ.

ನಾನು ನೀರಿನ ಅಂಚಿನವರೆಗೆ ನಡೆದು ಬಂದೆ. ಹೊಂಡದ ಅಗಲ ನನಗೆ ಗೊತ್ತಿತ್ತು. ಹಾಳೆ ಹಾಸುವಾಗ ಹಗ್ಗ ಹಿಡಿದು ಅಳೆದವನು ನಾನೇ.

"ನೀರಿನ ದಂಡಿ ಅರವತ್ತು ಗಜ. ನೀರು ಇಪ್ಪತ್ತಾರು. ಎಂಬತ್ತಾರಕ್ಕ ಆಚಿ ದಂಡಿ. ತೊಂಬತ್ತೈದು ಹೊಡದ್ರ ಗ್ರೀನು. ಗಾಳಿ ಎದುರಿಗಿ ಸ್ವಲ್ಪ ಅದ. ನೀವ ಇವತ್ತ ದೂರ ಹೊಡದದ್ದು ತೊಂಬತ್ತೆಂಟು."

"ನಿಮ್ಮ ಕೈ?"

ಕೈ ಚಾಚಿ ನೋಡಿಕೊಂಡೆ. "ನಡಗಾಕತ್ತಾವ್ರಿ."

"ನಡಗಲಿ. ಕೋಲ ಇಟ್ಟ ಮ್ಯಾಲೆ ಎರಡನೇ ಸಲ ಮುಟ್ಟಬ್ಯಾಡ್ರಿ."

ಮಂಡಿಯೂರಿ ಕೋಲಿನ ಮುಖ ಇಟ್ಟೆ. ಅನುಮಾನ ಬಂತು. ಮುಟ್ಟಲಿಲ್ಲ. "ಆತ್ರಿ" ಎಂದು ಹಿಂದೆ ಸರಿದೆ. ಬಾಯಾರು ಉಸಿರು ಬಿಟ್ಟರು. ಕೋಲು ಮೇಲೆ ಹೋಗಿ ಇಳಿಯಿತು. ಟಕ್.

ಚೆಂಡು ಇನ್ನೂ ಆಕಾಶದಲ್ಲಿತ್ತು. ನಾನು ಕತ್ತು ಚಾಚಿ ನೋಡುತ್ತಿದ್ದೆ, ನಾಶಿಕದವನ ಅಣ್ಣ ನೋಡುತ್ತಿದ್ದ, ಹಿರಿಯರು ಹಣೆಗೆ ಕೈ ಹಚ್ಚಿ ನೋಡುತ್ತಿದ್ದರು. ಬಾಯಾರು ಕೋಲನ್ನು ಕೆಳಗಿಳಿಸಿ ಮೆಲ್ಲಗೆ "ದಾಟ್ತು" ಎಂದರು. ಆಮೇಲೆ ಚೆಂಡು ನೀರಿನಾಚೆ ಬಿದ್ದು, ಪುಟಿದು, ಗ್ರೀನಿನ ಮೇಲೆ ಉರುಳಿ ನಿಂತಿತು. ನಮಗೆ ಕಾಣುವುದಕ್ಕಿಂತ ಮೊದಲೇ ಅವರ ಕೈಗೆ ಅದು ಗೊತ್ತಾಗಿತ್ತು.

ಗುಳಿಗೆ ಹದಿನಾಲ್ಕು ಹೆಜ್ಜೆ. ನನ್ನ ತೋಳು ಹಿಡಿದು ಗುಳಿಯವರೆಗೆ ನಡೆದರು. "ಎಡಕ್ಕ ಇಳಜಾರ ಅದ್ರಿ, ಉಳದದ್ದು ಸಪಾಟ" ಎಂದೆ. ಅವರು ವಾಪಸು ನಡೆಯುತ್ತ ನಡುವೆ ನಿಂತರು. ಪಾದವನ್ನು ಹಿಂದೆ ಮುಂದೆ ಆಡಿಸಿದರು.

"ಇಲ್ಲಿ ಸಣ್ಣ ಉಬ್ಬ ಅದ್ರಿ ಸರ. ಚೆಂಡ ಇಲ್ಲಿ ಬಲಕ್ಕ ಸರೀತದ. ಒಂದ ಗೇಣ ಎಡಕ್ಕ ಇಡ್ರಿ."

ಇಪ್ಪತ್ತು ವರ್ಷ ನಾನು ಓಡಾಡಿ, ಹುಲ್ಲು ಕತ್ತರಿಸಿದ ನೆಲ ಅದು. ಅಲ್ಲಿ ಉಬ್ಬು ಇಲ್ಲವೆಂದು ಆಣೆ ಮಾಡುತ್ತಿದ್ದೆ. ಬಗ್ಗಿ ನೋಡಿದೆ, ಕಾಣಲಿಲ್ಲ. ಆದರೆ ಅಲ್ಲಿ ಯಾರ ಮಾತು ನಂಬಬೇಕೆಂಬುದರಲ್ಲಿ ನನಗೆ ಅನುಮಾನ ಉಳಿದಿರಲಿಲ್ಲ. ಅವರು ಹೇಳಿದಷ್ಟು ಎಡಕ್ಕೆ ಕೋಲಿನ ಮುಖ ತಿರುಗಿಸಿ ಇಟ್ಟು, ಗುಳಿಯ ಹತ್ತಿರ ಹೋಗಿ ಕಂಬ ತಟ್ಟಿದೆ.

ಚೆಂಡು ಉರುಳಿತು. ನಡುವಿನವರೆಗೆ ಬಂದು, ಯಾರೋ ಬೆರಳು ತಾಗಿಸಿದ ಹಾಗೆ, ಬಲಕ್ಕೆ ಸರಿಯಿತು. ನೇರ ಗುಳಿಯ ಕಡೆಗೆ ಬಂತು. ಅಂಚಿಗೆ ತಾಗಿ, ಅರ್ಧ ಸುತ್ತು ತಿರುಗಿ, ಹೊರಗೆ ನಿಂತಿತು. ಗೇಣು ದೂರ.

ಬಾಯಾರು ಸದ್ದಿಗೆ ಕಾದರು. ಬೀಳುವ ಸದ್ದು ಬರದಾಗ, "ಎಷ್ಟ ಉಳೀತ್ರಿ?" ಎಂದು ಕೇಳಿ, ಬಂದು, ಅದನ್ನು ಒಳಗೆ ತಳ್ಳಿದರು. ಐದು. ಒಟ್ಟಿನಲ್ಲಿ ಒಂದು ಹೊಡೆತದಿಂದ ಮೂರನೆಯವರು.

ನಾಶಿಕದ ಹುಡುಗ ಕೈ ಚಾಚಿಕೊಂಡು ಅವರ ದನಿಯ ಕಡೆ ಬಂದ. ಅವರು ಅವನ ಎರಡೂ ಕೈ ಹಿಡಿದು ಮರಾಠಿಯಲ್ಲಿ, ಚೆನ್ನಾಗಿ ಆಡಿದೆ, ಅಲ್ಲಿ ಹೋಗಿಯೂ ಅವಸರ ಮಾಡಬೇಡ ಎಂದರು. ಹಿರಿಯರು ಚೀಟಿಗೆ ಸಹಿ ಹಾಕಿಸಿಕೊಂಡರು. ಬಾಯಾರ ಬೆರಳನ್ನು ಗೆರೆಯ ಮೇಲೆ ನಾನು ಇಟ್ಟೆ; ಹಲಗೆಯ ಮೇಲೆ ಬರೆದು ರೂಢಿಯಾದ ದುಂಡಗಿನ ಅಕ್ಷರ, ಸ್ವಲ್ಪವೂ ಓರೆಯಾಗಲಿಲ್ಲ.

ಎಲ್ಲರೂ ಹೋದ ಮೇಲೆ ನಾನು ಹೇಳಿದೆ. "ಆ ಕಬ್ಬಿನ ಚೆಂಡ ಇಲ್ಲದಿದ್ರ ನೀವ ಹೋಗತಿದ್ದಿರಿ. ನನ್ನ ಕಲ್ಲಿನ ಚೂಕ."

"ಹೊಡದಾಕಿ ನಾ ಅಲ್ಲೇನ್ರಿ?" ಎಂದರು ಬಾಯಾರು. "ಕಾಲಾಗ ಗೊತ್ತಾಗಬೇಕಿತ್ತು ನನಗ, ತೊಂಬತ್ತಿಲ್ಲ ಅಂತ. ಮೊದಲನೇ ಸುತ್ತಿನಾಗ ನಡದ ದಾರಿ ಅದು."

ಅದು ನನ್ನನ್ನು ಉಳಿಸಲು ಆಡಿದ ಮಾತಲ್ಲ. ನಿಜವಾಗಿ ತಮ್ಮ ತಪ್ಪನ್ನು ಅವರು ಆಗಲೇ ಹುಡುಕಿಟ್ಟುಕೊಂಡಿದ್ದರು.

ಪಂದ್ಯ ನೋಡಲು ಬಂದಿದ್ದ ಅವರ ಗಂಡ, ಊರಿನವರಿಂದ ಎರವಲು ತಂದಿದ್ದ ಮೋಟಾರ್‌ಸೈಕಲ್ ತರಲು ಹೋಗಿದ್ದರು. ಬಿಸಿಲು ಇಳಿದಿತ್ತು. ಬಾಯಾರು ಬೂಟು ಬಿಚ್ಚಿ ಕೈಯಲ್ಲಿ ಹಿಡಿದು, "ನೀವೂ ಬಿಚ್ಚರಿ. ಆ ಗ್ರೀನಿನ ಮ್ಯಾಲೆ ನಡೀರಿ" ಎಂದರು. ನಾನು ಬಿಚ್ಚಿದೆ. ಈ ಸಲ ಅವರು ನನ್ನ ತೋಳು ಹಿಡಿಯಲಿಲ್ಲ. ನನ್ನ ಮಣಿಕಟ್ಟು ಹಿಡಿದು ಮುಂದೆ ನಡೆದರು. "ಕಣ್ಣ ಮುಚ್ಚರಿ. ಸಾವಕಾಶ."

ಹುಲ್ಲು ತಣ್ಣಗಿತ್ತು. ಐದು ಹೆಜ್ಜೆ, ಆರು ಹೆಜ್ಜೆ. ಏನೂ ಇಲ್ಲ. ಏನೂ ಇಲ್ಲ ಎಂದು ಹೇಳಲು ಬಾಯಿ ತೆರೆದೆ.

"ಮಾತಾಡಬ್ಯಾಡ್ರಿ" ಎಂದರು.

ಏಳನೆಯ ಹೆಜ್ಜೆಯಲ್ಲಿ, ಎಡಪಾದದ ಹೆಬ್ಬೆರಳಿನ ಕೆಳಗೆ, ನೆಲ ಮೆಲ್ಲಗೆ ಮೇಲೆದ್ದು ಬಂತು.